ಎಂಆರ್‌ಐ ನಾರ್ಮಲ್, ಆದರೂ ಸಂಜೆಯಾದರೆ ರೆಪ್ಪೆ ಬೀಳುತ್ತೆ: ಇದು ನರದ ಕಾಯಿಲೆಯಾ, ಸ್ನಾಯುವಿನದ್ದಾ?

ಪ್ರಶ್ನೆ: ನಮ್ಮ ಯಜಮಾನರಿಗೆ 52 ವರ್ಷ. ಕ್ಯಾಬ್ ಓಡಿಸುತ್ತಾರೆ. ಬೆಳಿಗ್ಗೆ ಎದ್ದಾಗ ಚೆನ್ನಾಗೇ ಇರುತ್ತಾರೆ. ಮಧ್ಯಾಹ್ನ ಕಳೆದ ಮೇಲೆ ಎಡಗಣ್ಣಿನ ರೆಪ್ಪೆ ಇಳಿಯುತ್ತೆ, ಮುಂದಿನ ಗಾಡಿ ಎರಡಾಗಿ ಕಾಣುತ್ತೆ ಅಂತಾರೆ. ರಾತ್ರಿ ಒಂದು ಚಪಾತಿ ಮುಗಿಸುವಷ್ಟರಲ್ಲಿ ದವಡೆ ಸೋತುಹೋಗುತ್ತೆ. ಕನ್ನಡಕ ಬದಲಾಯಿಸಿದ್ದಾಯಿತು. ತಲೆಗೆ ಎಂಆರ್‌ಐ ಮಾಡಿಸಿದ್ದಾಯಿತು, ನಾರ್ಮಲ್. ಒಬ್ಬ ಡಾಕ್ಟರು ಟೆನ್ಷನ್ ಅಂದರು. ಈಗ ನ್ಯೂರಾಲಜಿಸ್ಟ್ ಒಬ್ಬರು ‘ಮಯಸ್ತೇನಿಯಾ ಗ್ರೇವಿಸ್’ ಅಂತ ಬರೆದುಕೊಟ್ಟಿದ್ದಾರೆ. ಇದು ನರದ ಕಾಯಿಲೆಯಾ, ಸ್ನಾಯುವಿನ ಕಾಯಿಲೆಯಾ? ಸ್ಕ್ಯಾನ್‌ನಲ್ಲಿ ಏನೂ ಇಲ್ಲ ಅಂದಮೇಲೆ ಕಾಯಿಲೆ ಇರೋದೆಲ್ಲಿ?
ರಾಜಾಜಿನಗರದ ಓದುಗರೊಬ್ಬರು

ಉತ್ತರ: ನರವೂ ಸರಿಯಿದೆ, ಸ್ನಾಯುವೂ ಹೆಚ್ಚುಕಮ್ಮಿ ಸರಿಯಿದೆ. ತೊಂದರೆ ಇರೋದು ಅವೆರಡೂ ಸೇರುವ ಜಾಗದಲ್ಲಿ. ನರದ ತುದಿ ಸ್ನಾಯುವಿಗೆ ಅಂಟಿಕೊಂಡಿರುವುದಿಲ್ಲ. ನಡುವೆ ಸುಮಾರು 50 ನ್ಯಾನೋಮೀಟರ್ ಸಂದು ಇರುತ್ತದೆ. ಒಂದು ಮಿಲಿಮೀಟರನ್ನು 20,000 ಭಾಗ ಮಾಡಿದರೆ ಅದರಲ್ಲಿ ಒಂದು ಭಾಗ ಅಷ್ಟೇ. ಎಂಆರ್‌ಐ ಗಡ್ಡೆ ತೋರಿಸುತ್ತದೆ, ಸ್ಟ್ರೋಕ್ ತೋರಿಸುತ್ತದೆ. ಈ ಸಂದು ಅದರ ಕಣ್ಣಿಗೆ ಬೀಳುವುದೇ ಇಲ್ಲ. ಅದೂ ಅಲ್ಲದೆ ಮಾಡಿಸಿದ್ದು ತಲೆಗೆ. ನಿಮ್ಮವರ ತಲೆ ನಿಜಕ್ಕೂ ನಾರ್ಮಲ್ಲೇ.

ಆ ಸಂದಿನಲ್ಲಿ ಏನಾಗುತ್ತೆ ನೋಡೋಣ. ಮಿದುಳಿನ ಆಜ್ಞೆ ನರದ ತುದಿಗೆ ಬಂದಾಗ ಅಲ್ಲಿಂದ ಅಸಿಟೈಲ್‌ಕೋಲಿನ್ ಅನ್ನೋ ರಾಸಾಯನಿಕ ಹೊರಬರುತ್ತದೆ. ಸಂದು ದಾಟಿ ಸ್ನಾಯುವಿನ ಮೇಲಿರುವ ರಿಸೆಪ್ಟರ್‌ಗಳಿಗೆ, ಅಂದರೆ ಅದನ್ನು ಹಿಡಿದುಕೊಳ್ಳುವ ಪ್ರೋಟೀನ್‌ಗಳಿಗೆ, ತಾಗುತ್ತದೆ. ಆಗ ಸ್ನಾಯು ಎಳೆದುಕೊಳ್ಳುತ್ತದೆ. ಕೆಲಸ ಮುಗಿದ ಕೂಡಲೇ ಒಂದು ಕಿಣ್ವ ಅದನ್ನು ಒಡೆದುಹಾಕುತ್ತದೆ. ಮಯಸ್ತೇನಿಯಾದಲ್ಲಿ ನಮ್ಮದೇ ರೋಗನಿರೋಧಕ ವ್ಯವಸ್ಥೆ ಆ ರಿಸೆಪ್ಟರ್‌ಗಳನ್ನು ಶತ್ರು ಅಂದುಕೊಂಡು ಆಂಟಿಬಾಡಿ ತಯಾರಿಸುತ್ತದೆ. ರಿಸೆಪ್ಟರ್‌ಗಳು ಕೆಲವು ಮುಚ್ಚಿಹೋಗುತ್ತವೆ, ಬಹಳಷ್ಟು ನಾಶವಾಗುತ್ತವೆ.

ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತೋ ಜನ ಎಂದಿನಷ್ಟೇ ಇದ್ದಾರೆ, ಆದರೆ ಮುಕ್ಕಾಲು ಬಸ್ಸಿನ ಬಾಗಿಲು ತೆರೆಯುತ್ತಿಲ್ಲ ಅಂದುಕೊಳ್ಳಿ. ಜನ ಕಿಕ್ಕಿರಿದಿದ್ದಾಗ ಹೇಗೋ ನೂಕಿಕೊಂಡು ಸಾಕಷ್ಟು ಮಂದಿ ಹತ್ತುತ್ತಾರೆ. ಜನ ಸ್ವಲ್ಪ ಕಮ್ಮಿಯಾದರೆ ಬಸ್ ಖಾಲಿ ಹೋಗುತ್ತೆ. ಒಂದೇ ಸಮನೆ ಕೆಲಸ ಮಾಡಿದಾಗ ನರದ ತುದಿಯಿಂದ ಹೊರಬರುವ ರಾಸಾಯನಿಕ ಎಲ್ಲರಲ್ಲೂ ಕಮ್ಮಿಯಾಗುತ್ತದೆ. ರಿಸೆಪ್ಟರ್ ಬೇಕಾದ್ದಕ್ಕಿಂತ ಜಾಸ್ತಿ ಇರುವುದರಿಂದ ನಮಗೆ ಗೊತ್ತಾಗುವುದಿಲ್ಲ. ನಿಮ್ಮವರಿಗೆ ಆ ಉಳಿಕೆ ಇಲ್ಲ. ಹಗಲೆಲ್ಲ ತೆರೆದೇ ಇರುವ ರೆಪ್ಪೆ, ಸದಾ ಆಡುವ ಕಣ್ಣುಗುಡ್ಡೆ, ಅಗಿಯುವ ದವಡೆ ಸೋಲುವುದು ಇದಕ್ಕೇ. ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಮಲಗಿದರೆ ಮತ್ತೆ ಸರಿಹೋಗುವುದೂ ಇದಕ್ಕೇ.

ಟೆನ್ಷನ್ ಅಂದ ಡಾಕ್ಟರನ್ನು ಪೂರ್ತಿ ಬೈಯೋಕೂ ಆಗಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಹೋದರೆ ಈ ರೋಗಿ ಆರೋಗ್ಯವಂತರ ಹಾಗೇ ಕಾಣುತ್ತಾರೆ. ನಮ್ಮೂರಿನ ಒಪಿಡಿ ಕ್ಯೂ ಇಲ್ಲೊಂದು ಉಪಕಾರ ಮಾಡುತ್ತೆ. ನಂಬರ್ ಬರುವಷ್ಟರಲ್ಲಿ ರೆಪ್ಪೆ ತಾನಾಗೇ ಇಳಿದಿರುತ್ತೆ! ತಮಾಷೆ ಬಿಡಿ, ಸಂಜೆ ಏಳು ಗಂಟೆಗೆ ಅವರ ಮುಖದ ಒಂದು ವಿಡಿಯೋ ತೆಗೆದಿಡಿ. ಚಾವಣಿ ಕಡೆ ಒಂದು ನಿಮಿಷ ನೋಡುತ್ತಿರಲಿ. ಒಂದರಿಂದ ಐವತ್ತರವರೆಗೆ ಗಟ್ಟಿಯಾಗಿ ಎಣಿಸಲಿ, ಮೂವತ್ತು ನಲವತ್ತಕ್ಕೆ ಬರುವಾಗ ದನಿ ಮೂಗಿನಲ್ಲಿ ಬರಲು ಶುರುವಾಗುತ್ತಾ ಕೇಳಿ. ಹತ್ತು ರಿಪೋರ್ಟ್ ಹೇಳದ್ದನ್ನು ಆ ವಿಡಿಯೋ ಹೇಳಬಹುದು.

ಇದೆಲ್ಲ ಗೊತ್ತಾದ ಕಥೆ ಸ್ವಾರಸ್ಯವಾಗಿದೆ, ಅದರಲ್ಲಿ ಹಾವಿಗೂ ಪಾಲಿದೆ. 1934ರಲ್ಲಿ ಲಂಡನ್ನಿನ ಗ್ರೀನಿಚ್‌ನ ಆಸ್ಪತ್ರೆಯೊಂದರಲ್ಲಿ ಮೇರಿ ವಾಕರ್ ಅನ್ನೋ ಡಾಕ್ಟರ್‌ಗೆ ಒಂದು ಯೋಚನೆ ಬಂತು. ಈ ರೋಗಿಗಳ ಸುಸ್ತು ಸ್ನಾಯುಗಳನ್ನು ಸೋಲಿಸುವ ಕ್ಯುರಾರೆ ಅನ್ನೋ ಗಿಡದ ವಿಷ ಏರಿದವರ ಹಾಗೇ ಇದೆಯಲ್ಲ, ಆ ವಿಷಕ್ಕೆ ಕೊಡುವ ಮದ್ದನ್ನೇ ಕೊಟ್ಟರೆ? ಫೈಸೊಸ್ಟಿಗ್ಮಿನ್ ಇಂಜೆಕ್ಷನ್ ಕೊಟ್ಟರು. ಇಳಿದಿದ್ದ ರೆಪ್ಪೆ ಮೇಲೆದ್ದಿತು, ಕೆಲವು ಗಂಟೆ ಮಟ್ಟಿಗೆ. ಆ ಮದ್ದು ಅಸಿಟೈಲ್‌ಕೋಲಿನ್ ಒಡೆಯುವ ಕಿಣ್ವವನ್ನು ತಡೆಯುತ್ತದೆ, ಹಾಗಾಗಿ ಆ ರಾಸಾಯನಿಕ ಸಂದಿನಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ನಿಮ್ಮವರಿಗೆ ಬರೆದಿರಬಹುದಾದ ಪಿರಿಡೋಸ್ಟಿಗ್ಮಿನ್ ಮಾತ್ರೆಯೂ ಇದೇ ಜಾತಿಯದ್ದು.

ಮದ್ದು ಸಿಕ್ಕಿತು, ಕಾರಣ ಸಿಗಲಿಲ್ಲ. 1960ರಲ್ಲಿ ಸ್ಕಾಟ್ಲೆಂಡಿನ ಜಾನ್ ಸಿಂಪ್ಸನ್ ಇದು ಆಟೋಇಮ್ಯೂನ್, ಅಂದರೆ ದೇಹ ತನ್ನ ಮೇಲೇ ದಾಳಿ ಮಾಡುವ ಕಾಯಿಲೆ, ಇರಬೇಕು ಅಂದರು. ಪುರಾವೆ ಬಂದದ್ದು 1973ರಲ್ಲಿ, ಅದೂ ಎರಡು ಕಡೆಯಿಂದ. ಅಮೆರಿಕದಲ್ಲಿ ಪ್ಯಾಟ್ರಿಕ್ ಮತ್ತು ಲಿಂಡ್‌ಸ್ಟ್ರಾಮ್ ಇಬ್ಬರೂ ವಿದ್ಯುತ್ ಈಲ್ ಮೀನಿನಿಂದ ತೆಗೆದ ರಿಸೆಪ್ಟರ್ ಅನ್ನು ಮೊಲಗಳಿಗೆ ಚುಚ್ಚಿದರು. ಮೊಲಗಳು ಅದಕ್ಕೆ ಆಂಟಿಬಾಡಿ ಮಾಡಿಕೊಂಡವು, ಆಮೇಲೆ ಕೈಕಾಲು ಸೋತು ಬಿದ್ದವು. ಅದೇ ವರ್ಷ ಫ್ಯಾಂಬ್ರೊ, ಡ್ರಾಕ್‌ಮನ್ ಮತ್ತು ಸತ್ಯಮೂರ್ತಿ ರೋಗಿಗಳ ಸ್ನಾಯುವಿನಲ್ಲಿ ರಿಸೆಪ್ಟರ್‌ಗಳನ್ನು ಎಣಿಸಿದರು. ಇರಬೇಕಾದ್ದರಲ್ಲಿ 11ರಿಂದ 30 ಪರ್ಸೆಂಟ್ ಮಾತ್ರ ಇತ್ತು. ಎಣಿಸಿದ್ದು ಹೇಗೆ ಅಂದರೆ, ನಮ್ಮ ಕಟ್ಟುಹಾವಿನ ದಾಯಾದಿಯಾದ ತೈವಾನಿನ ಒಂದು ಹಾವಿನ ವಿಷದಿಂದ. ಆ ವಿಷ ಈ ರಿಸೆಪ್ಟರ್‌ಗೇ ಹೋಗಿ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಅದಕ್ಕೆ ವಿಕಿರಣದ ಗುರುತು ಹಚ್ಚಿ ಬಿಟ್ಟರೆ ಎಷ್ಟು ಅಂಟಿತು ಅಂತ ಲೆಕ್ಕ ಸಿಗುತ್ತೆ. ನಾಗರಹಾವು ಕಚ್ಚಿದವರಿಗೂ ಮೊದಲು ರೆಪ್ಪೆಯೇ ಇಳಿಯುವುದು. ಅವರಿಗೆ ಆಂಟಿವೆನಮ್ ಜೊತೆ ಕೊಡುವ ನಿಯೋಸ್ಟಿಗ್ಮಿನ್, ಪಿರಿಡೋಸ್ಟಿಗ್ಮಿನ್‌ನ ಹತ್ತಿರದ ನೆಂಟ. ಕೊನೆಗೆ 1975ರಲ್ಲಿ ರೋಗಿಗಳ ಆಂಟಿಬಾಡಿಯನ್ನು ಇಲಿಗಳಿಗೆ ಚುಚ್ಚಿದಾಗ ಇಲಿಗಳಲ್ಲೂ ಅದೇ ತೊಂದರೆ ಕಾಣಿಸಿಕೊಂಡಿತು. ಅಲ್ಲಿಗೆ ಅನುಮಾನ ಮುಗಿಯಿತು.

ನರ ಮತ್ತು ಸ್ನಾಯುವಿನ ಕಾಯಿಲೆಗಳ ಸಂಶೋಧನೆಯಲ್ಲಿ ಬೆಂಗಳೂರಿನ ಹೆಸರೂ ಹಳೆಯದು. ಒಂದೇ ಕೈ ಅಥವಾ ಕಾಲು ಸಣ್ಣಗಾಗುತ್ತಾ ಹೋಗಿ ಅಲ್ಲಿಗೇ ನಿಲ್ಲುವ ಒಂದು ಕಾಯಿಲೆಯನ್ನು ‘ಮಾನೊಮೆಲಿಕ್ ಅಮಯೋಟ್ರೊಫಿ’ ಎಂದು ಕರೆದು 1984ರಲ್ಲಿ ವಿವರಿಸಿದ್ದು ಹೊಸೂರು ರಸ್ತೆಯ ನಿಮ್ಹಾನ್ಸ್‌ನ ಡಾ. ಗೌರಿದೇವಿ ಮತ್ತು ಸಂಗಡಿಗರು. ಅದು ಬೇರೆ ಕಾಯಿಲೆ, ನಿಮ್ಮವರದ್ದಲ್ಲ. ಪಕ್ಕದ ಮನೆಯವರು ಹೆದರಿಸುವ ಮಸ್ಕ್ಯುಲರ್ ಡಿಸ್ಟ್ರೊಫಿಯೂ ಇದಲ್ಲ. ಅದು ಜೀನ್‌ನಿಂದ ಬರುವಂಥದ್ದು, ಅದರಲ್ಲಿ ಸ್ನಾಯುವೇ ಕರಗುತ್ತದೆ, ಹಾಳಾದ ಸ್ನಾಯುವಿನಿಂದ ಸೋರುವ ಸಿಪಿಕೆ ಅನ್ನೋ ಕಿಣ್ವ ರಕ್ತದಲ್ಲಿ ಸಾಮಾನ್ಯವಾಗಿ ಏರಿರುತ್ತದೆ. ನಿಮ್ಮವರ ಕಾಯಿಲೆ ಅಂಟುವುದಿಲ್ಲ, ಅಪ್ಪನಿಂದ ಮಕ್ಕಳಿಗೆ ನೇರವಾಗಿ ಹೋಗುವುದೂ ಇಲ್ಲ.

ಖಚಿತ ಮಾಡಿಕೊಳ್ಳಲು ರಕ್ತದಲ್ಲಿ ರಿಸೆಪ್ಟರ್ ಆಂಟಿಬಾಡಿ ಟೆಸ್ಟ್ ಮಾಡುತ್ತಾರೆ. ದೇಹಕ್ಕೆಲ್ಲ ಹರಡಿದವರಲ್ಲಿ ಸುಮಾರು ನೂರಕ್ಕೆ ಎಂಬತ್ತು ಜನರಿಗೆ ಪಾಸಿಟಿವ್ ಬರುತ್ತದೆ, ಕಣ್ಣಿಗೆ ಮಾತ್ರ ಇರುವವರಲ್ಲಿ ಅರ್ಧದಷ್ಟು ಜನರಿಗೆ. ಹಾಗಾಗಿ ನೆಗೆಟಿವ್ ಬಂದರೆ ಕಾಯಿಲೆ ಇಲ್ಲ ಅಂತಲ್ಲ. ಆಗ ಮಸ್ಕ್ ಅನ್ನೋ ಇನ್ನೊಂದು ಆಂಟಿಬಾಡಿ ನೋಡುತ್ತಾರೆ, ಅದು ಪತ್ತೆಯಾಗಿದ್ದು 2001ರಲ್ಲಿ. ಆರ್‌ಎನ್‌ಎಸ್ ಅನ್ನೋ ಟೆಸ್ಟ್‌ನಲ್ಲಿ ನರಕ್ಕೆ ಸೆಕೆಂಡಿಗೆ ಎರಡು ಮೂರು ಸಲ ಸಣ್ಣ ಶಾಕ್ ಕೊಟ್ಟು ಸ್ನಾಯುವಿನ ಉತ್ತರ ಇಳಿಯುತ್ತಾ ನೋಡುತ್ತಾರೆ. ಎದೆಯ ಸಿಟಿ ಸ್ಕ್ಯಾನ್ ಬರೆದರೆ ಗಾಬರಿ ಬೇಡ. ಈ ರೋಗಿಗಳಲ್ಲಿ ನೂರಕ್ಕೆ ಹತ್ತು ಹದಿನೈದು ಜನರಿಗೆ ಎದೆಯೊಳಗಿನ ಥೈಮಸ್ ಗ್ರಂಥಿಯಲ್ಲಿ ಗೆಡ್ಡೆ ಇರುತ್ತದೆ, ಅದು ಇಲ್ಲ ಅಂತ ನೋಡಿಕೊಳ್ಳಲು. ಗೆಡ್ಡೆ ಇಲ್ಲದಿದ್ದರೂ ಕೆಲವರಿಗೆ ಥೈಮಸ್ ತೆಗೆಸುವ ಮಾತು ಬರುತ್ತದೆ. ಅದರಿಂದ ಉಪಯೋಗ ಇದೆ ಅಂತ 126 ರೋಗಿಗಳ ಅಧ್ಯಯನವೊಂದು 2016ರಲ್ಲಿ ತೋರಿಸಿತು.

ಪಿರಿಡೋಸ್ಟಿಗ್ಮಿನ್ ಮೂರು ನಾಲ್ಕು ಗಂಟೆ ಕೆಲಸ ಮಾಡುತ್ತದೆ. ಊಟಕ್ಕೆ ಅರ್ಧ ಮುಕ್ಕಾಲು ಗಂಟೆ ಮುಂಚೆ ತೆಗೆದುಕೊಳ್ಳಬಹುದಾ ಅಂತ ಕೇಳಿ, ಚಪಾತಿ ಸಮಸ್ಯೆಗೆ ಅದೇ ಉಪಾಯ. ಹೊಟ್ಟೆ ಹಿಂಡಬಹುದು, ಭೇದಿ ಆಗಬಹುದು, ಅದನ್ನು ಡಾಕ್ಟರಿಗೆ ಹೇಳಿ. ಆದರೆ ಈ ಮಾತ್ರೆ ಆಂಟಿಬಾಡಿಯನ್ನು ಮುಟ್ಟುವುದಿಲ್ಲ. ಅದಕ್ಕೆ ಸ್ಟೀರಾಯ್ಡ್, ಅಜಾಥಯೊಪ್ರಿನ್ ಥರ ರೋಗನಿರೋಧಕ ವ್ಯವಸ್ಥೆಯನ್ನು ತಗ್ಗಿಸುವ ಔಷಧಿ ಬೇಕು. ಸ್ಟೀರಾಯ್ಡ್ ಶುರುಮಾಡಿದ ಮೊದಲ ವಾರಗಳಲ್ಲಿ ಕೆಲವರಿಗೆ ಸುಸ್ತು ಇನ್ನೂ ಜಾಸ್ತಿಯಾಗುತ್ತೆ. ಅಜಾಥಯೊಪ್ರಿನ್ ಪರಿಣಾಮ ಕಾಣಲು ತಿಂಗಳುಗಳೇ ಬೇಕು, ವರ್ಷವೂ ಆಗಬಹುದು. ಬಹಳ ಜನ ಎಡವುವುದು ಇಲ್ಲೇ. ಎರಡು ತಿಂಗಳು ನೋಡಿ, ಇದೇನೂ ಪ್ರಯೋಜನ ಇಲ್ಲ ಅಂತ ಬಿಟ್ಟು ಬೇರೆ ಕಡೆ ಓಡುತ್ತಾರೆ. ಎಫ್ಗಾರ್ಟಿಜಿಮಾಡ್ ಥರದ ಹೊಸ ಔಷಧಿಗಳು ಬಂದಿವೆ, ಬೆಲೆ ಮಾತ್ರ ನಮ್ಮ ನಿಮ್ಮಂಥವರ ಕೈಗೆ ಎಟುಕುವಂಥದ್ದಲ್ಲ.

ಮನೆಯಲ್ಲಿ ಕಟ್ಟುನಿಟ್ಟಾಗಿ ಪಾಲಿಸಬೇಕಾದ್ದು ಒಂದಿದೆ. ಕೆಮ್ಮು ಜ್ವರ ಬಂದರೆ ಮೂಲೆ ಮೆಡಿಕಲ್ ಶಾಪಿಗೆ ಹೋಗಿ ಸುಮ್ನೆ ಅಜಿತ್ರೊಮೈಸಿನ್ ತರಬೇಡಿ. ಅದು, ಸಿಪ್ರೊಫ್ಲಾಕ್ಸಾಸಿನ್, ಜೆಂಟಾಮೈಸಿನ್, ಬಿಪಿಗೆ ಕೊಡುವ ಕೆಲವು ಬೀಟಾ ಬ್ಲಾಕರ್‌ಗಳು, ಡ್ರಿಪ್‌ನಲ್ಲಿ ಕೊಡುವ ಮೆಗ್ನೀಷಿಯಂ, ಇವೆಲ್ಲ ಮಯಸ್ತೇನಿಯಾವನ್ನು ಕೆರಳಿಸಬಲ್ಲವು. ಕಾಯಿಲೆಯ ಹೆಸರು ಬರೆದ ಚೀಟಿ ಪರ್ಸಿನಲ್ಲಿರಲಿ, ಹಲ್ಲಿನ ಡಾಕ್ಟರಿಗೂ ತೋರಿಸಿ. ಈಗಾಗಲೇ ನುಂಗುತ್ತಿರುವ ಬಿಪಿ ಮಾತ್ರೆಯನ್ನು ಮಾತ್ರ ನೀವಾಗೇ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ. ನೀರು ಕುಡಿದರೆ ಮೂಗಿಗೆ ಬರುವುದು, ಎಂಜಲು ನುಂಗಲಾಗದಿರುವುದು, ಮಲಗಿದರೆ ಉಸಿರು ಕಟ್ಟುವುದು ಇವುಗಳಲ್ಲಿ ಯಾವುದು ಕಂಡರೂ ಅಪಾಯಿಂಟ್‌ಮೆಂಟ್ ಕಾಯಬೇಡಿ, ವೆಂಟಿಲೇಟರ್ ಇರುವ ಆಸ್ಪತ್ರೆಯ ಎಮರ್ಜೆನ್ಸಿಗೆ ಆ ರಾತ್ರಿಯೇ ಹೋಗಿ. ಅಲ್ಲಿ ಪ್ಲಾಸ್ಮಾ ಬದಲಾವಣೆ (ರಕ್ತದಿಂದ ಆಂಟಿಬಾಡಿ ಸೋಸಿ ತೆಗೆಯುವುದು) ಮಾಡಿದರೆ ಅಥವಾ ಐವಿಐಜಿ (ದಾನಿಗಳ ರಕ್ತದಿಂದ ತೆಗೆದ ಆಂಟಿಬಾಡಿಯ ಡ್ರಿಪ್) ಕೊಟ್ಟರೆ ದಿನಗಳಲ್ಲೇ ಚೇತರಿಸಿಕೊಳ್ಳುವವರು ಬಹಳ.

ನೀವು ಕೇಳದಿದ್ದರೂ ಹೇಳಲೇಬೇಕು, ಕ್ಯಾಬ್ ಈಗ ಬೇಡ. ಬೆಳಿಗ್ಗೆ ಕಣ್ಣು ಚೆನ್ನಾಗಿದೆ ಅಂತ ಹೊರಟವರಿಗೆ ಸಿಲ್ಕ್ ಬೋರ್ಡ್ ಜಾಮ್‌ನಲ್ಲಿ ಗಾಡಿಗಳು ಎರಡಾಗಿ ಕಂಡರೆ ಏನು ಮಾಡೋದು? ಚಿಕಿತ್ಸೆ ಹಿಡಿದು, ಸಂಜೆ ಹೊತ್ತಲ್ಲೂ ಒಂದೇ ಗಾಡಿ ಕಾಣುತ್ತಿದೆ ಅಂತಾದ ಮೇಲೆ ಸ್ಟಿಯರಿಂಗ್ ಹಿಡಿಯುವ ಮಾತನ್ನು ನ್ಯೂರಾಲಜಿಸ್ಟ್ ಮುಂದೆ ಎತ್ತಿ.