ಸರ್ಜ್ ಬೇರೆ, ಹೈ ವೋಲ್ಟೇಜ್ ಬೇರೆ

ಬೆಂಗಳೂರಿನಲ್ಲಿ ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಬಂದು ಹೋದ ಮೇಲೆ ರೂಟರ್, ಟಿವಿ, ಕಂಪ್ಯೂಟರಿನ ಪವರ್ ಸಪ್ಲೈ ಸುಟ್ಟವರೆಲ್ಲ ಹೇಳುವ ಕಾರಣ ಒಂದೇ: ‘ಸರ್ಜ್ ಬಂತು’. ಆದರೆ ಆ ಒಂದು ಮಾತಿನಡಿ ಎರಡು ತೊಂದರೆಗಳು ಅಡಗಿವೆ. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ.

ಸರ್ಜ್ ಎಂದರೆ ತಂತಿಯಲ್ಲಿ ದಿಢೀರನೆ ಎದ್ದು ಇಳಿಯುವ ವೋಲ್ಟೇಜಿನ ಉಬ್ಬರ. ಅದರ ಆಯಸ್ಸು ಹತ್ತಾರು ಮೈಕ್ರೋಸೆಕೆಂಡು, ಅಷ್ಟೆ. ಮನೆಗೆ ಬರುವ 230 ವೋಲ್ಟಿನ ಅಲೆಯ ತುದಿಯೇ ಸುಮಾರು 325 ವೋಲ್ಟ್. ಹತ್ತಿರದಲ್ಲೆಲ್ಲೋ ಸಿಡಿಲು ಬಡಿದರೆ ಅದು ಸಾವಿರಾರು ವೋಲ್ಟಿಗೆ ನೆಗೆಯಬಹುದು. ಸಿಡಿಲು ಲೈನಿಗೇ ಬಡಿಯಬೇಕೆಂದಿಲ್ಲ. ಲಿಫ್ಟ್, ಬೋರ್‌ವೆಲ್ ಮೋಟಾರ್ ಆಫ್ ಆದಾಗಲೂ ಸಣ್ಣ ಸರ್ಜ್ ಏಳುತ್ತದೆ. ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) ಇದನ್ನು ತಡೆಯುವುದಿಲ್ಲ, ಅದು ಬೀಳುವಷ್ಟರಲ್ಲಿ ಸರ್ಜ್ ಒಳಹೊಕ್ಕು ಮುಗಿದಿರುತ್ತದೆ.

ಹೈ ವೋಲ್ಟೇಜ್ ಹಾಗಲ್ಲ. ಕಂಬದಲ್ಲೋ ಮೀಟರ್ ಬೋರ್ಡಿನಲ್ಲೋ ನ್ಯೂಟ್ರಲ್ (ಕರೆಂಟ್ ಮರಳುವ ತಂತಿ) ಕಡಿದರೆ ಮೂರು ಫೇಸ್‌ಗಳ ತೂಕ ತಪ್ಪಿ, ಒಂದು ಮನೆಗೆ 120 ವೋಲ್ಟ್, ಪಕ್ಕದ ಮನೆಗೆ 350 ವೋಲ್ಟ್ ಹೋಗುತ್ತದೆ, ಅದೂ ನಿಮಿಷಗಟ್ಟಲೆ. ಕೆಲವು ದೀಪ ಡಿಮ್ಮಾಗಿ, ಕೆಲವು ಕಣ್ಣು ಕುಕ್ಕುವಂತೆ ಉರಿದರೆ ತಕ್ಷಣ ಮೇನ್ ಸ್ವಿಚ್ ಆಫ್ ಮಾಡಿ, ಬೆಸ್ಕಾಂನ 1912ಕ್ಕೆ ಕರೆ ಮಾಡಬೇಕು.

ಸರ್ಜ್ ತಡೆಯಲೆಂದು ಬಳಸುವ ಎಕ್ಸ್‌ಟೆನ್ಶನ್ ಬೋರ್ಡ್, ಅಂದರೆ ಸ್ಪೈಕ್ ಬಸ್ಟರಿನೊಳಗೆ ಎಂಒವಿ ಎಂಬ ಸತು ಆಕ್ಸೈಡಿನ ಬಿಲ್ಲೆ ಇರುತ್ತದೆ. 230 ವೋಲ್ಟಿಗೆ ಅದು ಸುಮ್ಮನಿರುತ್ತದೆ. ಸರ್ಜ್ ಬಂದರೆ ನ್ಯಾನೋಸೆಕೆಂಡುಗಳಲ್ಲಿ ದಾರಿ ಬಿಟ್ಟು ಅದನ್ನು ತನ್ನ ಮೂಲಕ ಹರಿಸುತ್ತದೆ. ಆದರೆ ಸತತವಾಗಿ 275 ವೋಲ್ಟ್‌ವರೆಗೆ ಮಾತ್ರ ತಾಳುವ ಬಿಲ್ಲೆಗೆ 350 ವೋಲ್ಟ್ ಹತ್ತು ನಿಮಿಷ ಸಿಕ್ಕರೆ ಬಿಲ್ಲೆಯೇ ಕಾದು ಹೊತ್ತಿಕೊಳ್ಳುತ್ತದೆ. ಹಾಗಾಗಿ ಥರ್ಮಲ್ ಫ್ಯೂಸ್ (ಬಿಲ್ಲೆ ಕಾದರೆ ಕಡಿದುಕೊಳ್ಳುವ ಫ್ಯೂಸ್) ಇಲ್ಲದ ಅಗ್ಗದ ಬಸ್ಟರನ್ನು ನಂಬಲೇಬೇಡಿ. ಪ್ರತಿ ಸರ್ಜಿಗೂ ಬಿಲ್ಲೆ ಸ್ವಲ್ಪ ಸ್ವಲ್ಪ ಸವೆಯುತ್ತದೆ. ಸ್ವಿಚ್ಚಿನ ಕೆಂಪು ದೀಪ ಕರೆಂಟ್ ಇದೆ ಎನ್ನುತ್ತದೆಯೇ ಹೊರತು ಬಿಲ್ಲೆ ಬದುಕಿದೆ ಎನ್ನುವುದಿಲ್ಲ. ಅದಕ್ಕೆ ಪ್ರತ್ಯೇಕ ಸೂಚಕ ದೀಪವಿರುವ ಮಾದರಿಯನ್ನೇ ಕೊಳ್ಳಿ. ಹೈ ವೋಲ್ಟೇಜಿಗೆ ಬೇಕಾದದ್ದು ಡಿಬಿಯಲ್ಲಿ (ಎಂಸಿಬಿಗಳಿರುವ ಪೆಟ್ಟಿಗೆಯಲ್ಲಿ) ಕೂರಿಸುವ ಓವರ್ ವೋಲ್ಟೇಜ್ ಕಟಾಫ್. ವೋಲ್ಟೇಜ್ ಮಿತಿ ಮೀರಿದರೆ ಲೈನನ್ನೇ ಕಡಿಯುತ್ತದೆ.

ಸರ್ಜಿಗೆ ಮೊದಲ ಕಾವಲೂ ಡಿಬಿಯಲ್ಲೇ ಇರಬೇಕು: ಟೈಪ್ 2 ಎಸ್‌ಪಿಡಿ (ಸರ್ಜ್ ತಡೆಯುವ ಸಾಧನ), 320 ವೋಲ್ಟ್ ರೇಟಿಂಗ್, 20 ಕಿಲೋಆಂಪ್ ನಾಮಿನಲ್ (ಮತ್ತೆ ಮತ್ತೆ ತಾಳಬಲ್ಲ ಸರ್ಜ್ ಕರೆಂಟ್). ಎಲೆಕ್ಟ್ರಿಷಿಯನ್ನರು ಹೆಚ್ಚಾಗಿ ತಪ್ಪುವುದು ವೈರಿನ ಉದ್ದದಲ್ಲಿ. ಎಸ್‌ಪಿಡಿಗೆ ಹೋಗಿಬರುವ ವೈರುಗಳೆಲ್ಲ ಸೇರಿ ಅರ್ಧ ಮೀಟರ್ ಮೀರಬಾರದು. ಸಿಡಿಲಿನ ಸರ್ಜಿಗೆ ಒಂದು ಮೀಟರ್ ವೈರ್ ಸುಮಾರು 1,000 ವೋಲ್ಟ್ ಹೆಚ್ಚುವರಿಯಾಗಿ ಸೇರಿಸುತ್ತದೆ. ಅರ್ತ್ ವೈರ್ ಕನಿಷ್ಠ 6 ಚದರ ಮಿಮೀ ತಾಮ್ರದ್ದಿರಲಿ. ಎಸ್‌ಪಿಡಿಯ ಕಿಟಕಿ ಹಸಿರಿನಿಂದ ಕೆಂಪಾದರೆ ಬದಲಿಸಬೇಕು. ಇದಾದ ಮೇಲೆ ಕಂಪ್ಯೂಟರ್ ಪಕ್ಕದ ಬಸ್ಟರ್ ಎರಡನೆಯ ಕಾವಲು.

ಅರ್ತ್ ಸರಿಯಿಲ್ಲದಿದ್ದರೆ ಇದರಲ್ಲಿ ಹೆಚ್ಚಿನದು ವ್ಯರ್ಥ. ಎಲೆಕ್ಟ್ರಿಷಿಯನ್ನರಿಂದ ಸಾಕೆಟ್ಟಿನಲ್ಲಿ ಅಳತೆ ಮಾಡಿಸಿ: ಫೇಸ್‌–ನ್ಯೂಟ್ರಲ್ ಮತ್ತು ಫೇಸ್‌–ಅರ್ತ್ ಎರಡೂ ಹೆಚ್ಚುಕಡಿಮೆ 230, ನ್ಯೂಟ್ರಲ್‌–ಅರ್ತ್ ಎರಡು ಮೂರು ವೋಲ್ಟಿನೊಳಗೆ ಇರಬೇಕು. ಕಂಪ್ಯೂಟರ್ ಹಾಕಿದಾಗ ನ್ಯೂಟ್ರಲ್‌–ಅರ್ತ್ ನಡುವೆ 110 ವೋಲ್ಟಿನ ಆಸುಪಾಸು ಬಂದರೆ ಅರ್ತ್ ವೈರ್ ಎಲ್ಲೋ ತುಂಡಾಗಿದೆ ಎಂದೇ ಲೆಕ್ಕ. ಮೂರು ಪಿನ್ನಿನ ಪ್ಲಗ್ಗಿಗೆ ಎರಡು ಪಿನ್ನಿನ ಕನ್ವರ್ಟರ್ ಹಾಕಿದರೂ ಅದೇ ಕಥೆ.

ಯುಪಿಎಸ್ ಇದೆ ಎಂದು ನಿಶ್ಚಿಂತೆ ಬೇಡ. ಮನೆಗಳಲ್ಲಿರುವ ಆಫ್‌ಲೈನ್ ಮಾದರಿ, ಕರೆಂಟ್ ಇರುವಷ್ಟು ಹೊತ್ತು ಮೇನ್ಸನ್ನೇ ಮುಂದಕ್ಕೆ ದಾಟಿಸುತ್ತಿರುತ್ತದೆ.

ಸರ್ಜಿಗೆ ಇನ್ನೊಂದು ಬಾಗಿಲೂ ಇದೆ. ಟೆರೇಸಿನಿಂದ ಇಳಿಯುವ ಕೇಬಲ್ ಟಿವಿ, ಡಿಶ್, ತಾಮ್ರದ ಲ್ಯಾನ್ ವೈರುಗಳಿಂದಲೂ ಅದು ನುಗ್ಗುತ್ತದೆ. ಫೈಬರಿನ ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯದು, ಆದರೆ ರೂಟರಿನ ಅಡಾಪ್ಟರ್ ಇದ್ದೇ ಇದೆ. ತೀರಾ ಹತ್ತಿರ ಬಡಿಯುವ ಸಿಡಿಲಿಗೆ ಇವ್ಯಾವುವೂ ಖಾತರಿಯಲ್ಲ. ಮೋಡ ಕಟ್ಟಿ ಗುಡುಗು ದೂರದಲ್ಲಿ ಇರುವಾಗಲೇ ಪ್ಲಗ್ಗನ್ನೂ ಲ್ಯಾನ್ ಮತ್ತು ಕೇಬಲ್ ವೈರುಗಳನ್ನೂ ಕಿತ್ತಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಅದರೊಳಗಿನ ಕೆಲವೇ ಮಿಲಿಮೀಟರಿನ ಸಂದನ್ನು ಸಿಡಿಲು ಸುಲಭವಾಗಿ ಜಿಗಿಯುತ್ತದೆ.