ನಂಬರ್ ಹೊಂದಲ್ಲ ಅಂತ ಹಳೆಯ ಕೋಲ್ಟ್ ರಿವಾಲ್ವರ್ ಹಾಳು ಮಾಡಿಸಬೇಡಿ

ಅಮೆರಿಕದಲ್ಲಿ ಹಳೆಯ ಬಂದೂಕುಗಳನ್ನು ಪರೀಕ್ಷಿಸಿ ಬೆಲೆ ಹೇಳುವುದು ನನ್ನ ಕೆಲಸ. ಕುದುರೆ ಪಡೆಗೆಂದು ಕೋಲ್ಟ್ ಕಂಪನಿ ಮಾಡಿದ ಹಳೆಯ ರಿವಾಲ್ವರ್ ಹಿಡಿದುಕೊಂಡು ಬರುವವರು ಹೆಚ್ಚಾಗಿ ಹೇಳುವುದು ಒಂದೇ ಮಾತು. "ಭಾಗಗಳ ಮೇಲಿನ ನಂಬರ್ ಒಂದಕ್ಕೊಂದು ಮ್ಯಾಚ್ ಆಗ್ತಿಲ್ಲ, ನಳಿಗೆ ಬೇರೆ ಗಿಡ್ಡ ಇದೆ. ನನಗೆ ಯಾರೋ ಟೋಪಿ ಹಾಕಿದ್ದಾರೆ." ಇಷ್ಟು ಹೇಳಿ ಸುಮ್ಮನಿದ್ದರೆ ಸಾಕಿತ್ತು. ಎಷ್ಟೋ ಜನ ಬರುವಷ್ಟರಲ್ಲಿ ಅದನ್ನು 'ಸರಿ' ಮಾಡಿಸಿಬಿಟ್ಟಿರುತ್ತಾರೆ.

ಒಂದು ಸಲ ನಿಧಾನವಾಗಿ ಹೇಳುತ್ತೇನೆ, ಕೇಳಿ. ಅಮೆರಿಕದ ಸೈನ್ಯ 1873ರಿಂದ 1891ರವರೆಗೆ ಕೋಲ್ಟ್‌ನ 'ಸಿಂಗಲ್ ಆಕ್ಷನ್ ಆರ್ಮಿ' ಅನ್ನುವ ರಿವಾಲ್ವರ್ ಸುಮಾರು 37 ಸಾವಿರ ಕೊಂಡಿತು. .45 ಕ್ಯಾಲಿಬರ್ (ಅಂದರೆ ಗುಂಡಿನ ದಪ್ಪ, ಇಂಚಿನ ಲೆಕ್ಕದಲ್ಲಿ), ಏಳೂವರೆ ಇಂಚಿನ ನಳಿಗೆ. 1892ರಲ್ಲಿ .38 ಕ್ಯಾಲಿಬರಿನ ಹೊಸ ರಿವಾಲ್ವರ್ ಬಂತು, ಹಳೆಯವು ಉಗ್ರಾಣಕ್ಕೆ ಹೋದವು. ಆಮೇಲೆ, 1895ರ ಹೊತ್ತಿಗೆ, ಫಿರಂಗಿ ದಳದವರಿಗೆ ಅವನ್ನೇ ಕೊಡೋಣ ಅಂತಾಯ್ತು. ರಿವಾಲ್ವರ್‌ಗಳನ್ನು ಬಿಚ್ಚಿ, ಕೆಟ್ಟದ್ದನ್ನು ಬದಲಿಸಿ, ನಳಿಗೆಯನ್ನು ಐದೂವರೆ ಇಂಚಿಗೆ ಕತ್ತರಿಸಿ ಮತ್ತೆ ಜೋಡಿಸಿದರು. ಮೊದಮೊದಲ ಕೆಲವನ್ನು ಬಿಟ್ಟರೆ, ಗುಂಡು ತುಂಬುವ ಯಾವ ಸಿಲಿಂಡರ್ ಯಾವ ಫ್ರೇಮಿನದು, ಅಂದರೆ ಯಾವ ಚೌಕಟ್ಟಿನದು ಅಂತ ಯಾರೂ ನೋಡಲಿಲ್ಲ. ನೋಡುವ ಅಗತ್ಯವೂ ಇರಲಿಲ್ಲ, ಸೈನಿಕನಿಗೆ ಬೇಕಿದ್ದುದು ಕೆಲಸ ಮಾಡುವ ರಿವಾಲ್ವರ್. ಹಾಗಾಗಿ ಫ್ರೇಮ್, ಟ್ರಿಗರ್ ಗಾರ್ಡ್, ಹಿಡಿಯ ಹಿಂಬದಿಯ ಪಟ್ಟಿ, ನಳಿಗೆ, ಸಿಲಿಂಡರ್ ಒಂದೊಂದರ ಮೇಲೂ ಬೇರೆ ಬೇರೆ ನಂಬರ್ ಇರುತ್ತದೆ. ಇದೇ ಆರ್ಟಿಲರಿ ಮಾಡೆಲ್. ಬೇರೆ ಬೇರೆ ನಂಬರ್ ಇರುವುದು ಅದರ ದೋಷವಲ್ಲ, ಅದು ಇರಬೇಕಾದದ್ದೇ ಹಾಗೆ. ಇಂಥದ್ದರಲ್ಲಿ ಎಲ್ಲ ನಂಬರೂ ಒಂದೇ ಆಗಿ ಹೊಂದಿಕೊಂಡರೆ ನಾನು ಭೂತಗನ್ನಡಿ ತೆಗೆಯುತ್ತೇನೆ.

ಆದರೂ ಏಳೂವರೆ ಇಂಚಿನ ಹುಚ್ಚು ಜಾಸ್ತಿ. ನಳಿಗೆ ಕತ್ತರಿಸದೆ ಉಳಿದದ್ದನ್ನು ಕ್ಯಾವಲ್ರಿ (ಕುದುರೆ ಪಡೆ) ಮಾಡೆಲ್ ಅನ್ನುತ್ತಾರೆ, ಅದು ಅಪರೂಪ, ಬೆಲೆಯೂ ಹಾಗೇ ಇದೆ. ಅದಕ್ಕೇ ಗಿಡ್ಡ ನಳಿಗೆ ತೆಗೆದು ಉದ್ದದ್ದು ಹಾಕಿಸುತ್ತಾರೆ, ಹಳೆಯ ನಂಬರ್ ಉಜ್ಜಿ ಹೊಸದು ಹೊಡೆಸುತ್ತಾರೆ, ಕೊನೆಗೆ ನೀಲಿ ಬಣ್ಣ ಕೊಡಿಸಿ ಪಾಲಿಶ್ ಮಾಡಿಸುತ್ತಾರೆ. ಉಜ್ಜಿದ ಜಾಗದಲ್ಲಿ ಲೋಹ ತಗ್ಗಾಗಿರುತ್ತದೆ, ಸ್ಕ್ರೂ ತೂತಿನ ಅಂಚು ಸವೆದು ಬಟ್ಟಲಿನ ಹಾಗೆ ಆಗಿರುತ್ತದೆ, ಫ್ರೇಮಿನ ಎಡಗಡೆಯ 'ಯು.ಎಸ್.' ಮುದ್ರೆ ಮಸುಕಾಗಿರುತ್ತದೆ. ಇದನ್ನು ಮತ್ತೆ ಮೊದಲಿನಂತೆ ಮಾಡಲು ಯಾರಿಂದಲೂ ಆಗುವುದಿಲ್ಲ. ಮರದ ಹಿಡಿಯ ಮೇಲೆ ಇನ್‌ಸ್ಪೆಕ್ಟರ್ ರಿನಾಲ್ಡೊ ಕಾರ್ ಅವರ 'ಆರ್.ಎ.ಸಿ.' ಮುದ್ರೆ ಇದ್ದರೆ ಅದು ಸಾಮಾನ್ಯವಾಗಿ ಆ ದುರಸ್ತಿ ಕಾಲದ ಸಾಕ್ಷಿ. ಮರಳು ಕಾಗದ ಹಾಕಿ ಅದನ್ನೂ ಅಳಿಸಿ ತಂದವರಿದ್ದಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಇನ್ನು ಕಸ್ಟರ್ ವಿಷಯ. ಮೂಲನಿವಾಸಿಗಳ ಜೊತೆಗಿನ ಯುದ್ಧದಲ್ಲಿ ಸತ್ತ ಸೇನಾಧಿಕಾರಿ ಅವನು, ತಮ್ಮ ರಿವಾಲ್ವರ್ ಅವನ ದಳದ್ದೇ ಇರಬಹುದಾ ಅಂತ ಕೇಳುತ್ತಾರೆ. 1876ರ ಜೂನ್ 25ರಂದು ಲಿಟಲ್ ಬಿಗ್‌ಹಾರ್ನ್‌ನಲ್ಲಿ ಏಳನೇ ಕ್ಯಾವಲ್ರಿಯ ಕೈಯಲ್ಲಿದ್ದದ್ದು ಇದೇ ಕೋಲ್ಟ್, ನಿಜ. ಆದರೆ ಕೋಲ್ಟ್ ಕಂಪನಿಯ ಪತ್ರ ತರಿಸಿದರೆ ಸಾಮಾನ್ಯವಾಗಿ ಸಿಗುವುದು ಯಾವಾಗ ಸರ್ಕಾರಕ್ಕೆ ಕಳಿಸಿದರು ಅನ್ನುವುದಷ್ಟೆ. ಯಾವ ದಳ, ಯಾವ ಸೈನಿಕ ಅಂತ ಅದು ಹೇಳುವುದಿಲ್ಲ. ಆ ಪತ್ರವೂ ಫ್ರೇಮಿನ ನಂಬರಿನದು, ಉಳಿದ ಭಾಗಗಳದ್ದಲ್ಲ. ಕಾಲ ಹೊಂದುತ್ತದೆ ಅಂದರೆ ಆ ಯುದ್ಧದಲ್ಲಿ ಇತ್ತು ಅಂತ ಅರ್ಥವಲ್ಲ. ಆ ಹೊತ್ತಿನಲ್ಲಿ ಒಂಬತ್ತನೇ ಮತ್ತು ಹತ್ತನೇ ಕ್ಯಾವಲ್ರಿಯ ಕಪ್ಪು ಸೈನಿಕರೂ ಗಡಿ, ಅಂದರೆ ಆಗಿನ ಪಶ್ಚಿಮದ ಗಡಿನಾಡು, ಕಾಯುತ್ತಿದ್ದರು. ಅವರ ಬಗ್ಗೆ ಯಾರೂ ಕೇಳುವುದಿಲ್ಲ ಅನ್ನುವುದು ನನಗೆ ಬೇಸರ.

ಟೆಕ್ಸಾಸಿನಲ್ಲಿರುವ ನಮ್ಮ ಕಡೆಯ ಹುಡುಗನೊಬ್ಬ ಇಂಥದ್ದೇ ಒಂದು ಆರ್ಟಿಲರಿ ಮಾಡೆಲ್ ತಂದಿದ್ದ. ಮುಖ ಸಪ್ಪೆ ಮಾಡಿಕೊಂಡು ಕೂತಿದ್ದ. ಗಡಿಯಲ್ಲಿ ಓಡಾಡಿದ ರಿವಾಲ್ವರ್‌ಗಳ ಭಾಗಗಳೇ ಇದರಲ್ಲಿ ಸೇರಿರಬಹುದು, 1898ರಲ್ಲಿ ರೂಸ್‌ವೆಲ್ಟ್‌ನ ಸ್ವಯಂಸೇವಕ ದಳ ರಫ್ ರೈಡರ್ಸ್ ಯುದ್ಧಕ್ಕೆಂದು ಕ್ಯೂಬಾಕ್ಕೆ ಒಯ್ದದ್ದು ಇಂಥವನ್ನೇ, ಆಮೇಲೆ ಫಿಲಿಪೀನ್ಸ್‌ನಲ್ಲಿ .38 ಸಾಲದೆ ಬಂದಾಗ ಮತ್ತೆ ಹೊರಗೆ ತೆಗೆದದ್ದೂ ಇವನ್ನೇ ಅಂದೆ. ಅವನು ಎರಡು ಗಂಟೆ ಕದಲಲಿಲ್ಲ. ಅಂಥವರು ಬಂದ ದಿನ ಕೆಲಸ ಹಗುರ ಅನಿಸುತ್ತದೆ.

ಅವನೇ ಕೇಳಿದ, ಊರಿಗೆ ತಗೊಂಡು ಹೋಗಬಹುದಾ ಅಂತ. ಅಮೆರಿಕದ ಫೆಡರಲ್ ಕಾನೂನು 1898 ಅಥವಾ ಅದಕ್ಕೂ ಮೊದಲು ತಯಾರಾದದ್ದನ್ನು ಆ್ಯಂಟಿಕ್ ಅನ್ನುತ್ತದೆ, ರಾಜ್ಯದ ಕಾನೂನು ಬೇರೆ ಇರಬಹುದು. ಭಾರತದ 1959ರ ಆಯುಧ ಕಾಯ್ದೆಯಲ್ಲಿ ಬರೀ ಹಳೆಯದಾದರೆ ಸಾಲದು. ರಿಪೇರಿ ಮಾಡಿದರೂ ಹಾರಿಸಲು ಆಗದಂತಿದ್ದರೆ ಮಾತ್ರ ವಿನಾಯಿತಿ. ಇದು ನನ್ನ ತಿಳಿವಳಿಕೆ, ವಕೀಲರನ್ನು ಕೇಳದೆ ಹೆಜ್ಜೆ ಇಡಬೇಡಿ.

ಫೋಟೊ ಕಳಿಸಿ ಅಸಲಿಯೋ ನಕಲಿಯೋ ಹೇಳಿ ಅನ್ನಬೇಡಿ, ಹೇಳಲಾರೆ. ಕೈಯಲ್ಲಿ ಹಿಡಿದು, ಎಜೆಕ್ಟರ್ (ಖಾಲಿ ತೋಟಾ ಹೊರಗೆ ತಳ್ಳುವ ಭಾಗ) ಬಿಚ್ಚಿ ನಳಿಗೆಯ ಅಡಿಯ ನಂಬರ್ ನೋಡಬೇಕು. ತರುವ ಮುಂಚೆ ಆರೂ ಕೋಣೆ ಖಾಲಿ ಇವೆಯಾ ಅಂತ ನೋಡಿಕೊಳ್ಳಿ. ಒರೆಸಲೇಬೇಕು ಅಂದರೆ ಮೆತ್ತಗಿನ ಬಟ್ಟೆಗೆ ಒಂದು ಹನಿ ಎಣ್ಣೆ ಸಾಕು.