ಝೆನೋಫೋಬಿಯಾ: ಆ ಹೆಸರು ಹೇಳೋಕೆ ಸರ್ಕಾರಗಳು ಯಾಕೆ ಹಿಂದೇಟು ಹಾಕುತ್ತವೆ?

ಝೆನೋಫೋಬಿಯಾ ಗ್ರೀಕ್ ಮೂಲದ ಪದ. ನೇರ ಅರ್ಥ ಹೊರಗಿನವರ ಭಯ. ಬಳಕೆಯಲ್ಲಿ ಮಾತ್ರ ಭಯಕ್ಕಿಂತ ದ್ವೇಷವೇ ಜಾಸ್ತಿ. ಕನ್ನಡದಲ್ಲಿ ಪರಕೀಯ ದ್ವೇಷ ಅಂತಲೂ ಬರೆಯುತ್ತಾರೆ. ನಿಘಂಟಿನಲ್ಲಿ ಸಿಗುವುದು ಇಷ್ಟೇ. ಈ ಪದದ ನಿಜವಾದ ಭಾರ ತಿಳಿಯಬೇಕಾದರೆ ದಕ್ಷಿಣ ಆಫ್ರಿಕಾದಲ್ಲಿ ನಡೆದದ್ದನ್ನು ನೋಡಬೇಕು. ಅಲ್ಲಿ ಆಫ್ರಿಕಾದವರೇ ಆಫ್ರಿಕಾದವರನ್ನು ಅಟ್ಟಿಸಿಕೊಂಡು ಹೋಗಿ ಹೊಡೆದರು.

2008ರ ಮೇ 11ರಂದು ಜೊಹಾನ್ಸ್‌ಬರ್ಗ್‌ನ ಅಲೆಕ್ಸಾಂಡ್ರಾ ಎಂಬ ಬಡವರ ಬಡಾವಣೆಯಲ್ಲಿ ಗಲಭೆ ಶುರುವಾಯಿತು. ನೋಡನೋಡುತ್ತಿದ್ದಂತೆ ಡರ್ಬನ್, ಕೇಪ್‌ಟೌನ್ ಕಡೆಗೂ ಹಬ್ಬಿತು. 62 ಜನ ಸತ್ತರು. ಮೊಜಾಂಬಿಕ್, ಜಿಂಬಾಬ್ವೆ, ಮಲಾವಿ, ಸೊಮಾಲಿಯಾಗಳಿಂದ ಬಂದು ನೆಲೆಸಿದ್ದವರು ಮನೆ ಬಿಟ್ಟು ಪೊಲೀಸ್ ಠಾಣೆಗಳಲ್ಲಿ, ಚರ್ಚುಗಳಲ್ಲಿ, ಟೆಂಟುಗಳಲ್ಲಿ ಮಲಗಿದರು. ಮೊಜಾಂಬಿಕ್‌ನ ಒಬ್ಬ ಕೂಲಿ ಕಾರ್ಮಿಕನನ್ನು ಜೀವಂತ ಸುಟ್ಟರು. ಆ ಫೋಟೊ ಪ್ರಪಂಚದ ಪತ್ರಿಕೆಗಳಲ್ಲೆಲ್ಲ ಬಂತು.

ಆ ಗುಂಪುಗಳು ಹೊರಗಿನವರನ್ನು ಗುರುತು ಹಿಡಿಯುತ್ತಿದ್ದ ಒಂದು ರೀತಿ ನನ್ನ ಮನಸ್ಸಿನಿಂದ ಹೋಗುವುದೇ ಇಲ್ಲ. ದಾರಿಹೋಕರನ್ನು ನಿಲ್ಲಿಸಿ, ಮೊಣಕೈ ತೋರಿಸಿ, ಇದಕ್ಕೆ ಜುಲು ಭಾಷೆಯಲ್ಲಿ ಏನಂತಾರೆ ಅಂತ ಕೇಳುತ್ತಿದ್ದರು. ಉತ್ತರ 'ಇಂಡೊಲೊಲ್ವಾನೆ'. ದಿನದ ಮಾತಿನಲ್ಲಿ ಅಷ್ಟಾಗಿ ಬಾರದ ಪದ. ಬೇರೆ ದೇಶದಿಂದ ಬಂದು ಕೆಲಸಕ್ಕೆ ಬೇಕಾದಷ್ಟು ಜುಲು ಕಲಿತವನಿಗೆ ಅದು ಎಲ್ಲಿಂದ ಗೊತ್ತಿರಬೇಕು? ಹೇಳಲು ಬಾರದಿದ್ದರೆ ಏಟು ಬೀಳುತ್ತಿತ್ತು. ದಕ್ಷಿಣ ಆಫ್ರಿಕಾದ ಉತ್ತರ ಭಾಗದ ವೆಂಡಾ, ತ್ಸೊಂಗಾ ಮಾತಾಡುವವರಿಗೂ ಇದು ಕಷ್ಟವೇ. ಸತ್ತ 62 ಜನರಲ್ಲಿ 21 ಮಂದಿ ಆ ದೇಶದ ಪ್ರಜೆಗಳೇ ಆಗಿದ್ದರು.

ಇಲ್ಲಿ ಒಂದು ವಿಷಯ ಗಮನಿಸಬೇಕು. ಕೇಪ್‌ಟೌನ್ ಸಮುದ್ರತೀರಕ್ಕೆ ಬರುವ ಜರ್ಮನ್ ಪ್ರವಾಸಿಯೂ ಹೊರಗಿನವನೇ. ಅವನ ಮೈಮೇಲೆ ಯಾರೂ ಕೈ ಹಾಕಲಿಲ್ಲ. ಏಟು ತಿಂದವರು ಬಹುಪಾಲು ಕಪ್ಪು ಬಣ್ಣದ, ಬಡ, ಅಕ್ಕಪಕ್ಕದ ದೇಶಗಳ ಜನ. ಟೌನ್‌ಶಿಪ್ ಎಂದು ಕರೆಯುವ ಇಂಥ ಬಡವರ ಬಡಾವಣೆಗಳಲ್ಲಿ 'ಸ್ಪಾಝಾ' ಅನ್ನುವ ಸಣ್ಣ ದಿನಸಿ ಅಂಗಡಿ ಇಟ್ಟುಕೊಂಡ ಸೊಮಾಲಿಗಳು, ಇಥಿಯೋಪಿಯಾದವರು, ಅವರ ಜೊತೆಗೆ ಬಾಂಗ್ಲಾದೇಶ, ಪಾಕಿಸ್ತಾನದವರೂ ಲೂಟಿಗೆ ಸಿಕ್ಕಿದರು. ಆಫ್ರಿಕಾದ ಬೇರೆ ದೇಶದವರನ್ನು ಹೀಯಾಳಿಸಲು ಅಲ್ಲಿ 'ಮಕ್ವೆರೆಕ್ವೆರೆ' ಅನ್ನುವ ಬೈಗುಳವೇ ಇದೆ. ಅರ್ಥವಾಗದ ಭಾಷೆ ಬಡಬಡಿಸುವವರು ಅನ್ನುವ ಧಾಟಿಯದು. ಹೀಗಾಗಿ ಝೆನೋಫೋಬಿಯಾ ಅನ್ನುವುದು ತೀರಾ ಸಾಮಾನ್ಯವಾದ ಪದವಾಯಿತು, ಇದನ್ನು 'ಆಫ್ರೋಫೋಬಿಯಾ' ಅಂತಲೇ ಕರೆಯಬೇಕು ಎಂದು ಹಲವು ವಿದ್ವಾಂಸರು ವಾದಿಸಿದ್ದಾರೆ. ಆಫ್ರಿಕಾದ ಜನರ ಮೇಲೇ ಗುರಿಯಿಟ್ಟ ದ್ವೇಷ ಎಂದರ್ಥ. ಯಾರಿಗೆ ಏಟು ಬಿತ್ತು ಅನ್ನುವುದನ್ನು ಈ ಎರಡನೇ ಪದ ಮುಚ್ಚಿಡುವುದಿಲ್ಲ. ಅದಕ್ಕೇ ನನಗೂ ಇದೇ ಸರಿ ಅನ್ನಿಸುತ್ತದೆ.

ದ್ವೇಷ ಎಲ್ಲಿಂದ ಬಂತು? ಒಂದೇ ಕಾರಣ ಹೇಳಲಾಗದು. ಅಲ್ಲಿನ ಚಿನ್ನದ ಗಣಿಗಳನ್ನು ನೂರು ವರ್ಷಕ್ಕೂ ಹೆಚ್ಚು ಕಾಲ ಅಗೆದವರಲ್ಲಿ ಮೊಜಾಂಬಿಕ್, ಮಲಾವಿ, ಲೆಸೊಥೊಗಳ ಕೂಲಿಗಳೂ ಇದ್ದರು. 1994ರಲ್ಲಿ ವರ್ಣಭೇದದ ಆಡಳಿತ ಮುಗಿದು ಮತದ ಹಕ್ಕು ಬಂತು. ಕೆಲಸ, ಮನೆ, ನೀರು ಮಾತ್ರ ಅಂದುಕೊಂಡ ಹಾಗೆ ಬರಲಿಲ್ಲ. 2019ರ ಹೊತ್ತಿಗೆ ನಿರುದ್ಯೋಗ ಶೇ 29ರಷ್ಟಿತ್ತು. ಯುವಕರಲ್ಲಿ ಇನ್ನೂ ಹೆಚ್ಚು. ಪಕ್ಕದ ಮನೆಯ ಜಿಂಬಾಬ್ವೆಯವನು ಕಡಿಮೆ ಕೂಲಿಗೆ ಕೆಲಸಕ್ಕೆ ಹೋಗುವುದು ಕಣ್ಣಿಗೆ ಕಾಣುತ್ತದೆ. ಕಡಿಮೆ ಕೂಲಿ ಕೊಡುವ ಮಾಲೀಕ ಕಣ್ಣಿಗೆ ಬೀಳುವುದಿಲ್ಲ. ಅದರ ಮೇಲೆ ದೊಡ್ಡವರ ಮಾತು ಬೇರೆ. 2015ರ ಮಾರ್ಚ್‌ನಲ್ಲಿ ಜುಲು ರಾಜ ಗುಡ್‌ವಿಲ್ ಜ್ವೆಲಿಥಿನಿ ವಿದೇಶಿಯರು ಗಂಟುಮೂಟೆ ಕಟ್ಟಿಕೊಂಡು ಹೊರಡಲಿ ಎಂಬರ್ಥದ ಮಾತಾಡಿದರು. ಕೆಲವೇ ವಾರಗಳಲ್ಲಿ ಡರ್ಬನ್‌ನಲ್ಲಿ ಅಂಗಡಿಗಳು ಉರಿಯುತ್ತಿದ್ದವು. ತಮ್ಮ ಮಾತನ್ನು ತಿರುಚಲಾಗಿದೆ ಎಂದು ಅವರು ಆಮೇಲೆ ಹೇಳಿದರು.

ಇಷ್ಟೆಲ್ಲ ಆದರೂ ಸರ್ಕಾರ ಝೆನೋಫೋಬಿಯಾ ಎಂಬ ಹೆಸರನ್ನು ಒಪ್ಪಲು ಹಿಂದೇಟು ಹಾಕಿತು. 2008ರಲ್ಲಿ ಅಧ್ಯಕ್ಷರಾಗಿದ್ದ ಥಾಬೊ ಎಂಬೆಕಿ, ಸತ್ತವರ ಸ್ಮರಣೆಯ ಸಭೆಯಲ್ಲೇ ನಿಂತು, ಇದು ಝೆನೋಫೋಬಿಯಾ ಅಲ್ಲ, ಬರೀ ಅಪರಾಧ ಕೃತ್ಯ ಎಂದರು. ಇದು ಸುಮ್ನೆ ಹೆಸರಿನ ಜಗಳ ಅಲ್ಲ. ಅಪರಾಧ ಎಂದರೆ ಅದು ಪೊಲೀಸರ ಕೆಲಸ. ಕೇಸು ಹಾಕಿ, ಕೆಲವರನ್ನು ಹಿಡಿದರೆ ಮುಗಿಯಿತು. ಪರಕೀಯ ದ್ವೇಷ ಎಂದು ಒಪ್ಪಿಕೊಂಡರೆ, ಸತ್ತವರ ತಾಯ್ನಾಡಿಗೆ ಉತ್ತರ ಹೇಳಬೇಕಾಗುತ್ತದೆ. ನಿಮ್ಮ ಪ್ರಜೆ ನಿಮ್ಮವನು ಅನ್ನುವ ಒಂದೇ ಕಾರಣಕ್ಕೆ ನಮ್ಮ ನೆಲದಲ್ಲಿ ಸತ್ತ ಎಂದು ಒಪ್ಪಿದ ಹಾಗಾಗುತ್ತದೆ.

ಹಾಗಾದರೆ ತಾಯ್ನಾಡಿನ ಸರ್ಕಾರ ಏನು ಮಾಡಬಹುದು? ಬೇರೆ ದೇಶದ ಬೀದಿಗೆ ತನ್ನ ಪೊಲೀಸರನ್ನು ಕಳಿಸುವಂತಿಲ್ಲ. 1963ರ ವಿಯೆನ್ನಾ ಒಪ್ಪಂದದ ಪ್ರಕಾರ ತನ್ನ ಪ್ರಜೆಗಳ ಹಿತ ಕಾಯುವುದು ಕಾನ್ಸುಲ್ ಕಚೇರಿಯ ಕೆಲಸ. ಅಂದರೆ ಜೈಲಿನಲ್ಲಿದ್ದರೆ ಹೋಗಿ ನೋಡಬಹುದು, ಪಾಸ್‌ಪೋರ್ಟ್ ಕಳೆದವರಿಗೆ ಪ್ರಯಾಣದ ಕಾಗದ ಕೊಡಬಹುದು, ಸ್ಥಳೀಯ ಅಧಿಕಾರಿಗಳ ಬಾಗಿಲು ತಟ್ಟಬಹುದು. ಇದಕ್ಕಿಂತ ಮುಂದೆ ಹೋದರೆ ರಾಯಭಾರಿಯನ್ನು ಕರೆಸಿ ಪ್ರತಿಭಟನೆ ಹೇಳುವುದು, ತನ್ನ ರಾಯಭಾರಿಯನ್ನು ವಾಪಸ್ ಕರೆಸಿಕೊಳ್ಳುವುದು, ಸಭೆಗಳಿಗೆ ಹೋಗದಿರುವುದು, ಪರಿಹಾರ ಕೇಳುವುದು, ಕೊನೆಗೆ ವಿಮಾನ, ಬಸ್ಸು ಕಳಿಸಿ ಜನರನ್ನು ಕರೆತರುವುದು. 2019ರ ಸೆಪ್ಟೆಂಬರ್‌ನಲ್ಲಿ ನೈಜೀರಿಯಾ ಇದರಲ್ಲಿ ಹೆಚ್ಚಿನದನ್ನು ಒಂದೇ ತಿಂಗಳಲ್ಲಿ ಮಾಡಿತು.

ಆಗಸ್ಟ್ ಕೊನೆಯಲ್ಲಿ ಪ್ರಿಟೋರಿಯಾದಲ್ಲಿ ಒಬ್ಬ ಟ್ಯಾಕ್ಸಿ ಚಾಲಕನ ಕೊಲೆಯಾಯಿತು. ಕೊಂದವನು ವಿದೇಶಿ ಎಂಬ ಮಾತು ಹರಡಿತು. ಅಂಗಡಿಗಳಿಗೆ ಬೆಂಕಿ ಬಿತ್ತು. ಸೆಪ್ಟೆಂಬರ್ ಮೊದಲ ವಾರ ಜೊಹಾನ್ಸ್‌ಬರ್ಗ್‌ನಲ್ಲಿ ಲೂಟಿ ಶುರುವಾಯಿತು. ಕನಿಷ್ಠ 12 ಜನ ಸತ್ತರು, ಈ ಸಲವೂ ಹೆಚ್ಚಿನವರು ದಕ್ಷಿಣ ಆಫ್ರಿಕಾದವರೇ. ನೈಜೀರಿಯಾದ ವಿದೇಶಾಂಗ ಸಚಿವ ಜೆಫ್ರಿ ಒನ್ಯೆಯಾಮಾ ಇನ್ನು ಸಾಕು ಎಂದರು. ರಾಜಧಾನಿ ಅಬುಜಾದಲ್ಲಿದ್ದ ದಕ್ಷಿಣ ಆಫ್ರಿಕಾದ ಹೈಕಮಿಷನರ್ ಅಂದರೆ ರಾಯಭಾರಿಯನ್ನು ಕರೆಸಿಕೊಂಡರು. ಅಧ್ಯಕ್ಷ ಮುಹಮ್ಮದು ಬುಹಾರಿ ವಿಶೇಷ ದೂತರನ್ನು ಕಳಿಸಿದರು. ಕೇಪ್‌ಟೌನ್‌ನಲ್ಲಿ ನಡೆಯುತ್ತಿದ್ದ ವಿಶ್ವ ಆರ್ಥಿಕ ವೇದಿಕೆಯ ಆಫ್ರಿಕಾ ಸಭೆಗೆ ಉಪಾಧ್ಯಕ್ಷ ಯೆಮಿ ಒಸಿನ್‌ಬಾಜೊ ಹೋಗಲಿಲ್ಲ. ಪರಿಹಾರದ ಬೇಡಿಕೆಗೆ ಮಾತ್ರ ದಕ್ಷಿಣ ಆಫ್ರಿಕಾ ಬಗ್ಗಲಿಲ್ಲ, ನಮ್ಮ ಕಾನೂನಿನಲ್ಲಿ ಅದಕ್ಕೆ ಅವಕಾಶ ಇಲ್ಲ ಎಂದಿತು.

ಆಮೇಲೆ ವಿಮಾನ. ಲಾಗೋಸ್‌ನ ಏರ್ ಪೀಸ್ ಎಂಬ ಖಾಸಗಿ ಕಂಪನಿ ಬಿಟ್ಟಿಯಾಗಿ ಕರೆತರಲು ಮುಂದೆ ಬಂತು. ಸೆಪ್ಟೆಂಬರ್ 11ರಂದು ಮೊದಲ ವಿಮಾನ ಹೊರಡಬೇಕಿತ್ತು. ಜೊಹಾನ್ಸ್‌ಬರ್ಗ್ ವಿಮಾನ ನಿಲ್ದಾಣದಲ್ಲಿ ವಲಸೆ ಅಧಿಕಾರಿಗಳು ಹಲವರ ಕಾಗದಪತ್ರ ಸರಿಯಿಲ್ಲ ಎಂದು ತಡೆದರು. ಎಷ್ಟೋ ಹೊತ್ತು ಕಾದು, ಮುನ್ನೂರಕ್ಕೂ ಹೆಚ್ಚು ಜನ ಬರಬೇಕಿದ್ದ ವಿಮಾನ ಇನ್ನೂರಕ್ಕೂ ಕಡಿಮೆ ಜನರೊಂದಿಗೆ ಲಾಗೋಸ್‌ನಲ್ಲಿ ಇಳಿಯಿತು. ನಿಮಗೆ ಇಲ್ಲಿರಲು ಹಕ್ಕಿಲ್ಲ ಎಂದು ಬೀದಿಯಲ್ಲಿ ಹೊಡೆಸಿಕೊಂಡವರು, ಹೊರಡಲು ನಿಂತಾಗಲೂ ಕಾಗದ ತೋರಿಸಬೇಕಾಯಿತು. ಒಂದು ವಾರದ ನಂತರ ಎರಡನೇ ವಿಮಾನದಲ್ಲಿ ಮುನ್ನೂರಕ್ಕೂ ಹೆಚ್ಚು ಜನ ಬಂದರು. ದಕ್ಷಿಣ ಆಫ್ರಿಕಾದಲ್ಲಿರುವ ನೈಜೀರಿಯಾದವರ ಸಂಖ್ಯೆಗೆ ಹೋಲಿಸಿದರೆ ಇದು ತುಂಬಾ ಸಣ್ಣ ಪಾಲು. ಉಳಿದವರು ಅಲ್ಲೇ ಇದ್ದರು. ಅಂಗಡಿ, ಬಾಡಿಗೆ ಮನೆ, ಶಾಲೆಗೆ ಹೋಗುವ ಮಕ್ಕಳು ಎಲ್ಲವೂ ಅಲ್ಲೇ ಇದ್ದವಲ್ಲ.

ಈ ನಡುವೆ ನೈಜೀರಿಯಾದ ಬೀದಿಗಳಲ್ಲೂ ಸಿಟ್ಟು ಹೊತ್ತಿಕೊಂಡಿತು. ಲಾಗೋಸ್‌ನಲ್ಲಿ ದಕ್ಷಿಣ ಆಫ್ರಿಕಾ ಮೂಲದ ಶಾಪ್‌ರೈಟ್ ಮಳಿಗೆಗೆ, ಎಂಟಿಎನ್ ಮೊಬೈಲ್ ಕಂಪನಿಯ ಅಂಗಡಿಗಳಿಗೆ ಗುಂಪುಗಳು ನುಗ್ಗಿದವು. ಅಲ್ಲಿ ಕೆಲಸ ಮಾಡುತ್ತಿದ್ದವರು ನೈಜೀರಿಯಾದವರೇ! ದಕ್ಷಿಣ ಆಫ್ರಿಕಾ ಅಬುಜಾ, ಲಾಗೋಸ್‌ಗಳ ತನ್ನ ಕಚೇರಿಗಳಿಗೆ ಕೆಲ ದಿನ ಬಾಗಿಲು ಹಾಕಿತು. ಸಿಟ್ಟಿಗೆ ತುಪ್ಪ ಸುರಿದದ್ದು ಸುಳ್ಳು ವಿಡಿಯೊಗಳು. ಉರಿಯುವ ಕಟ್ಟಡದಿಂದ ಜನ ಕೆಳಕ್ಕೆ ಹಾರುವ ಒಂದು ವಿಡಿಯೊ ನೈಜೀರಿಯಾದ ಫೋನುಗಳಲ್ಲೆಲ್ಲ ಓಡಾಡಿತು. ನೋಡಿ, ನಮ್ಮವರನ್ನು ಹೇಗೆ ಸುಡುತ್ತಿದ್ದಾರೆ ಅಂತ. ಅದು ಅದೇ ವರ್ಷ ಮೇ ತಿಂಗಳಲ್ಲಿ ಗುಜರಾತಿನ ಸೂರತ್‌ನ ಕೋಚಿಂಗ್ ಸೆಂಟರ್‌ಗೆ ಬೆಂಕಿ ಬಿದ್ದಾಗಿನ ವಿಡಿಯೊ. ನಮ್ಮ ದೇಶದ ಮಕ್ಕಳು ಪ್ರಾಣ ಉಳಿಸಿಕೊಳ್ಳಲು ಹಾರಿದ ದೃಶ್ಯ ಇನ್ನೊಂದು ಖಂಡದಲ್ಲಿ ಅಂಗಡಿ ಒಡೆಯುವುದಕ್ಕೆ ನೆಪವಾಯಿತು.

ಒತ್ತಡ ಕೆಲಸ ಮಾಡಿತಾ? ಸ್ವಲ್ಪ ಮಟ್ಟಿಗೆ ಮಾಡಿತು. ಸೆಪ್ಟೆಂಬರ್ 14ರಂದು ಹರಾರೆಯಲ್ಲಿ ಜಿಂಬಾಬ್ವೆಯ ಮಾಜಿ ಅಧ್ಯಕ್ಷ ರಾಬರ್ಟ್ ಮುಗಾಬೆಯವರ ಅಂತಿಮ ಗೌರವದ ಸಭೆಯಲ್ಲಿ ದಕ್ಷಿಣ ಆಫ್ರಿಕಾದ ಅಧ್ಯಕ್ಷ ಸಿರಿಲ್ ರಾಮಫೊಸಾ ಮಾತಿಗೆ ನಿಂತಾಗ ಇಡೀ ಕ್ರೀಡಾಂಗಣ ಕೂಗಿ ತಡೆಯಿತು. ಅಲ್ಲೇ ಅವರು ವಿಷಾದ ಹೇಳಿ ಕ್ಷಮೆ ಕೇಳಿದರು. ಎರಡು ದಿನದಲ್ಲಿ ಅವರ ವಿಶೇಷ ದೂತ ಜೆಫ್ ರಾಡೆಬೆ ಅಬುಜಾಗೆ ಹೋಗಿ ಬುಹಾರಿಯವರ ಮುಂದೆ ಕ್ಷಮೆ ಹೇಳಿದರು. ಅಕ್ಟೋಬರ್‌ನಲ್ಲಿ ಬುಹಾರಿ ಪ್ರಿಟೋರಿಯಾಗೆ ಹೋದಾಗ, ಗಲಭೆಯ ಸುಳಿವು ಮೊದಲೇ ಹಂಚಿಕೊಳ್ಳುವ ಒಂದು ವ್ಯವಸ್ಥೆಗೆ ಎರಡೂ ದೇಶ ಒಪ್ಪಿದವು.

ನೈಜೀರಿಯಾ ಅಷ್ಟು ಜೋರಾಗಿ ಮಾತಾಡಿದ್ದಕ್ಕೆ ಹಿನ್ನೆಲೆ ಇದೆ. ವರ್ಣಭೇದದ ವಿರುದ್ಧದ ಹೋರಾಟಕ್ಕೆ 1970ರ ದಶಕದಲ್ಲಿ ಅದು ಪರಿಹಾರ ನಿಧಿ ಮಾಡಿತ್ತು. ಸರ್ಕಾರಿ ನೌಕರರ ಸಂಬಳದಿಂದಲೂ ಹಣ ಹೋಗುತ್ತಿತ್ತು, ಜನ ಅದನ್ನು 'ಮಂಡೇಲಾ ತೆರಿಗೆ' ಎಂದು ಕರೆದರು. ಜಾಂಬಿಯಾ ತನ್ನ ರಾಜಧಾನಿ ಲುಸಾಕಾದಲ್ಲಿ ಮಂಡೇಲಾ ಅವರ ಎಎನ್‌ಸಿ ಪಕ್ಷದ ಕಚೇರಿಗೆ ಜಾಗ ಕೊಟ್ಟಿತ್ತು. ಅಂದು ಮನೆಯಲ್ಲಿಟ್ಟುಕೊಂಡು ಕಾಪಾಡಿದವರ ಮಕ್ಕಳನ್ನೇ ಇಂದು ಹೊಡೆಯುತ್ತೀರಾ ಅನ್ನುವ ನೋವು ಆ ಸಿಟ್ಟಿನ ಒಳಗಿತ್ತು.

ಎಲ್ಲ ದೇಶಗಳಿಗೂ ಇಷ್ಟು ಗಟ್ಟಿ ದನಿ ಇಲ್ಲ. ಮೊಜಾಂಬಿಕ್ 2008ರಲ್ಲಿ ಬಸ್ಸು ಕಳಿಸಿ ತನ್ನ ಜನರನ್ನು ಕರೆತಂದಿತು, ಹತ್ತಾರು ಸಾವಿರ ಜನ ಗಡಿ ದಾಟಿ ವಾಪಸಾದರು. ಮಲಾವಿ 2015ರಲ್ಲಿ ಹಾಗೇ ಮಾಡಿತು. ಆದರೆ ಈ ದೇಶಗಳ ಎಷ್ಟೋ ಮನೆಗಳ ಒಲೆ ಉರಿಯುವುದೇ ದಕ್ಷಿಣ ಆಫ್ರಿಕಾದಿಂದ ಬರುವ ದುಡ್ಡಿನಿಂದ. ಜಿಂಬಾಬ್ವೆಯ ಕಷ್ಟ ಇನ್ನೂ ದೊಡ್ಡದು. ಜನ ಊರು ಬಿಟ್ಟದ್ದೇ ಅಲ್ಲಿನ ಆರ್ಥಿಕತೆ ಕುಸಿದದ್ದಕ್ಕೆ. ಬನ್ನಿ ವಾಪಸ್ ಅಂತ ಯಾವ ಬಾಯಿಂದ ಕರೆಯುವುದು?

ನೈಜೀರಿಯಾದ ಕೈಯೂ ಪೂರ್ತಿ ಶುದ್ಧವಲ್ಲ, ಇದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. 1969ರಲ್ಲಿ ಘಾನಾ, ಕಾಗದಪತ್ರ ಇಲ್ಲದ ವಿದೇಶಿಯರು ಎರಡು ವಾರದೊಳಗೆ ಜಾಗ ಖಾಲಿ ಮಾಡಬೇಕೆಂದು ಆದೇಶಿಸಿತು. ಹೊರಟವರಲ್ಲಿ ಬಹಳಷ್ಟು ನೈಜೀರಿಯಾದವರು. 1983ರ ಜನವರಿಯಲ್ಲಿ ಸರದಿ ತಿರುಗಿತು. ತೈಲದ ಬೆಲೆ ಬಿದ್ದು ಕೆಲಸ ಕಡಿಮೆಯಾದಾಗ ನೈಜೀರಿಯಾ ಸುಮಾರು 20 ಲಕ್ಷ ವಲಸಿಗರಿಗೆ ಕೆಲವೇ ದಿನಗಳ ಗಡುವು ಕೊಟ್ಟು ಹೊರಡಿಸಿತು. ಅವರಲ್ಲಿ ಅರ್ಧದಷ್ಟು ಘಾನಾದವರು. ಕೆಂಪು, ನೀಲಿ ಚೌಕಳಿಯ ದೊಡ್ಡ ಪ್ಲಾಸ್ಟಿಕ್ ಚೀಲಗಳಲ್ಲಿ ಸಿಕ್ಕಿದ್ದನ್ನು ತುಂಬಿಕೊಂಡು ಅವರು ಗಡಿಯತ್ತ ನಡೆದರು. ನಮ್ಮ ರೈಲು ನಿಲ್ದಾಣಗಳಲ್ಲೂ ಕಾಣುವ ಅದೇ ಬಗೆಯ ಚೀಲ. ಪಶ್ಚಿಮ ಆಫ್ರಿಕಾದಲ್ಲಿ ಇವತ್ತಿಗೂ ಅದನ್ನು 'ಘಾನಾ ಮಸ್ಟ್ ಗೋ' ಅಂದರೆ 'ಘಾನಾದವರು ಹೊರಡಲಿ' ಎಂದೇ ಕರೆಯುತ್ತಾರೆ. ಗುಂಪು ಹೊಡೆದು ಓಡಿಸುವುದು ಬೇರೆ, ಸರ್ಕಾರ ಆದೇಶ ಹೊರಡಿಸಿ ಕಳಿಸುವುದು ಬೇರೆ, ನಿಜ. ಚೀಲ ಹೊತ್ತವನಿಗೆ ಆ ವ್ಯತ್ಯಾಸ ಎಷ್ಟು ಮುಖ್ಯ ಅಂತ ನನಗೆ ಅನುಮಾನ.

ಟ್ಯುನೀಷಿಯಾದಲ್ಲಿ 2023ರ ಫೆಬ್ರವರಿಯಲ್ಲಿ ಅಧ್ಯಕ್ಷ ಕೈಸ್ ಸಯೀದ್ ಅವರೇ ದೇಶದ ಜನಸಂಖ್ಯೆಯ ಸ್ವರೂಪ ಬದಲಿಸುವ ಸಂಚು ನಡೆದಿದೆ ಎಂದು ಕಪ್ಪು ವಲಸಿಗರ ವಿರುದ್ಧ ಮಾತಾಡಿದರು. ಮನೆ ಮಾಲೀಕರು ಬಾಡಿಗೆಗಿದ್ದ ವಲಸಿಗರನ್ನು ರಾತ್ರೋರಾತ್ರಿ ಹೊರಹಾಕಿದರು. ಗಿನಿ, ಐವರಿ ಕೋಸ್ಟ್, ಮಾಲಿ ದೇಶಗಳು ವಿಮಾನ ಕಳಿಸಿ ತಮ್ಮವರನ್ನು ಕರೆದುಕೊಂಡವು.

ಇದೆಲ್ಲ ದೂರದ ಕಥೆ ಅಂದುಕೊಳ್ಳಬೇಡಿ. 2016ರ ಜನವರಿ 31ರಂದು ಬೆಂಗಳೂರಿನ ಹೊರವಲಯದ ಹೆಸರಘಟ್ಟ ಕಡೆ ಸುಡಾನ್ ಪ್ರಜೆಯೊಬ್ಬರ ಕಾರು ಹರಿದು ಸ್ಥಳೀಯ ಮಹಿಳೆಯೊಬ್ಬರು ಸತ್ತರು. ಸ್ವಲ್ಪ ಹೊತ್ತಿನ ಮೇಲೆ ಬೇರೆ ಕಾರಿನಲ್ಲಿ ಅದೇ ದಾರಿಯಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯನ್ನು ಗುಂಪು ಎಳೆದು ಹೊಡೆಯಿತು. ಬಟ್ಟೆ ಹರಿದರು, ಕಾರು ಸುಟ್ಟರು. ಅಪಘಾತಕ್ಕೂ ಆ ಹುಡುಗಿಗೂ ಸಂಬಂಧವೇ ಇರಲಿಲ್ಲ. ದೇಶವೂ ಬೇರೆ. ಮೈಬಣ್ಣ ಒಂದೇ. ತಾಂಜಾನಿಯಾದ ಹೈಕಮಿಷನ್ ವಿದೇಶಾಂಗ ಇಲಾಖೆಗೆ ದೂರು ಕೊಟ್ಟಿತು, ಹೈಕಮಿಷನರ್ ಬೆಂಗಳೂರಿಗೇ ಬಂದರು. ಹಲವರ ಬಂಧನವಾಯಿತು, ಕೆಲವು ಪೊಲೀಸರ ಅಮಾನತೂ ಆಯಿತು. ಆದರೆ ನಮ್ಮ ಆಗಿನ ಗೃಹ ಸಚಿವ ಜಿ. ಪರಮೇಶ್ವರ ಹೇಳಿದ್ದು, ಇದು ಜನಾಂಗೀಯ ದಾಳಿ ಅಲ್ಲ, ಅಪಘಾತಕ್ಕೆ ಬಂದ ಪ್ರತಿಕ್ರಿಯೆ ಅಂತ. ಎಂಬೆಕಿಯವರ ಮಾತು ನೆನಪಾಗುತ್ತದೆ, ಅಲ್ವಾ?

ಅದೇ ವರ್ಷ ಮೇ ತಿಂಗಳಲ್ಲಿ ದೆಹಲಿಯಲ್ಲಿ ಕಾಂಗೋದ ಯುವಕನೊಬ್ಬನ ಕೊಲೆಯಾದಾಗ ಆಫ್ರಿಕಾ ದೇಶಗಳ ರಾಯಭಾರಿಗಳು ಆಫ್ರಿಕಾ ದಿನಾಚರಣೆಗೆ ಬರುವುದಿಲ್ಲ ಎಂದರು. 2017ರ ಮಾರ್ಚ್‌ನಲ್ಲಿ ಗ್ರೇಟರ್ ನೋಯ್ಡಾದಲ್ಲಿ ನೈಜೀರಿಯಾದ ವಿದ್ಯಾರ್ಥಿಗಳ ಮೇಲೆ ಹಲ್ಲೆಯಾದಾಗ ಅದೇ ರಾಯಭಾರಿಗಳು ಒಟ್ಟಾಗಿ ಹೇಳಿಕೆ ಕೊಟ್ಟು, ಇದು ಝೆನೋಫೋಬಿಯಾ, ಇದು ಜನಾಂಗೀಯ ದ್ವೇಷ ಎಂದು ಹೆಸರಿಟ್ಟೇ ಹೇಳಿದರು. ಭಾರತ ಸರ್ಕಾರ ಆ ಹೆಸರನ್ನು ಒಪ್ಪಲಿಲ್ಲ. ನಮ್ಮ ವಿದ್ಯಾರ್ಥಿಗಳ ಮೇಲೆ ವಿದೇಶದಲ್ಲಿ ಹಲ್ಲೆಯಾದರೆ ಅದೇ ಹೆಸರು ನಮ್ಮ ಬಾಯಿಗೆ ಎಷ್ಟು ಬೇಗ ಬರುತ್ತದೆ ಎಂದು ಯೋಚಿಸಿದರೆ ನನಗೆ ಬೇಸರವಾಗುತ್ತದೆ.

ದಕ್ಷಿಣ ಆಫ್ರಿಕಾದಲ್ಲಿ 2019ರ ಒಪ್ಪಂದದ ನಂತರವೂ ದ್ವೇಷ ನಿಲ್ಲಲಿಲ್ಲ. 'ಆಪರೇಷನ್ ದುದುಲಾ' ಎಂಬ ಸಂಘಟನೆ ಹುಟ್ಟಿಕೊಂಡಿತು. ದುದುಲಾ ಎಂದರೆ ಜುಲು ಭಾಷೆಯಲ್ಲಿ ನೂಕು, ಹಿಂದಕ್ಕೆ ತಳ್ಳು. ಅದರ ಸದಸ್ಯರು ಸರ್ಕಾರಿ ಆಸ್ಪತ್ರೆ, ಕ್ಲಿನಿಕ್‌ಗಳ ಗೇಟಿನಲ್ಲಿ ನಿಂತು, ಚಿಕಿತ್ಸೆಗೆ ಬಂದವರ ಗುರುತಿನ ಚೀಟಿ ಕೇಳತೊಡಗಿದರು. ಬಸುರಿಯರನ್ನೂ ವಾಪಸ್ ಕಳಿಸಿದರು. ಇದರ ವಿರುದ್ಧ ಕೋರ್ಟಿಗೆ ಹೋದದ್ದು ಯಾವ ತಾಯ್ನಾಡಿನ ಸರ್ಕಾರವೂ ಅಲ್ಲ, ದಕ್ಷಿಣ ಆಫ್ರಿಕಾದ್ದೇ ನಾಗರಿಕ ಸಂಘಟನೆಗಳು. 2025ರ ನವೆಂಬರ್‌ನಲ್ಲಿ ಜೊಹಾನ್ಸ್‌ಬರ್ಗ್‌ನ ಹೈಕೋರ್ಟ್ ತೀರ್ಪು ಕೊಟ್ಟಿತು. ಪಾಸ್‌ಪೋರ್ಟ್, ಗುರುತಿನ ಚೀಟಿ ಕೇಳುವ ಅಧಿಕಾರ ವಲಸೆ ಅಧಿಕಾರಿಗೆ ಅಥವಾ ಪೊಲೀಸರಿಗೆ ಮಾತ್ರ, ಕ್ಲಿನಿಕ್‌ನ ಬಾಗಿಲಲ್ಲಿ ಯಾರನ್ನೂ ತಡೆಯುವಂತಿಲ್ಲ ಎಂದಿತು.